ಸೌದೆ, ಬೂದಿ, ರಾಗಿ ಪೈರು: ಬಿ.ಎಸ್ಸಿ. ಮಕ್ಕಳಿಗೆ ಸಸ್ಯ ಪೋಷಣೆ ಕಲಿಸುವ ಒಂದು ದಾರಿ

ಸಸ್ಯಶಾಸ್ತ್ರದ ತರಗತಿಯಲ್ಲಿ ಖನಿಜ ಪೋಷಣೆಯ ಪಾಠ ಬಂತೆಂದರೆ ಬೋರ್ಡಿನ ಮೇಲೆ ಒಂದು ಪಟ್ಟಿ ಏಳುತ್ತದೆ. ಎಡಗಡೆ ಧಾತು, ನಡುವೆ ಅದರ ಕೆಲಸ, ಬಲಗಡೆ ಕೊರತೆಯ ಲಕ್ಷಣ. ಮಕ್ಕಳು ಬರೆದುಕೊಳ್ಳುತ್ತಾರೆ, ಉರು ಹೊಡೆಯುತ್ತಾರೆ, ಪರೀಕ್ಷೆಯಲ್ಲಿ ಇಳಿಸುತ್ತಾರೆ. ತಿಂಗಳು ಬಿಟ್ಟು ಕೈತೋಟದ ಹಳದಿ ಎಲೆಯೊಂದನ್ನು ತೋರಿಸಿ 'ಇದೇನಪ್ಪಾ?' ಅಂದರೆ 'ನೈಟ್ರೋಜನ್ ಕೊರತೆ ಸರ್' ಅನ್ನುತ್ತಾರೆ. ಯಾವ ಎಲೆ ತೋರಿಸಿದರೂ ಅದೇ ಉತ್ತರ!

ನಾನೂ ಹಲವು ವರ್ಷ ಹೀಗೇ ಕಲಿಸಿದವನು. ಈಗ ಆ ಪಟ್ಟಿಯನ್ನು ಪಾಠದ ಕೊನೆಗೆ ತಳ್ಳಿದ್ದೇನೆ. ಮೊದಲು ಮಕ್ಕಳ ಊಹೆ, ಆಮೇಲೆ ಗಿಡ. ಪಟ್ಟಿ ಕೊನೆಗೆ, ಅದೂ ಅವರೇ ಬರೆದದ್ದು. ಇದಕ್ಕೆ ಆರು ವಾರ ಬೇಕು. ಪ್ರಯೋಗಾಲಯ ದೊಡ್ಡದಿರಬೇಕೆಂದೇನೂ ಇಲ್ಲ.

ಪಾಠಕ್ಕೆ ಮೊದಲೇ ಬಿತ್ತಿ

ಪಾಠ ಶುರುವಾಗುವ ಎರಡು ವಾರ ಮೊದಲೇ ತೊಳೆದ ಮರಳಿನಲ್ಲಿ ರಾಗಿ ಮತ್ತು ಮುಸುಕಿನ ಜೋಳ ಬಿತ್ತಿಸಿಡಿ. ಈ ಕೆಲಸ ಮಕ್ಕಳದ್ದು. ರಾಗಿ ಯಾಕೆ ಅಂತ ಅವರು ಕೇಳುತ್ತಾರೆ. ಉತ್ತರ ಹೇಳಬೇಡಿ, ತಕ್ಕಡಿ ಕೊಡಿ. ಸಾವಿರ ರಾಗಿ ಕಾಳು ಎಣಿಸಿ ತೂಗಿದರೆ ಎರಡೂವರೆ-ಮೂರು ಗ್ರಾಂ ಬರುತ್ತದೆ. ಸಾವಿರ ಜೋಳದ ಕಾಳು ಸುಮಾರು ಕಾಲು ಕೇಜಿ. ಅಂದರೆ ಜೋಳದ ಮೊಳಕೆ ಮನೆಯಿಂದ ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ. ರಾಗಿಯ ಬುತ್ತಿ ನಾಲ್ಕು ದಿನದಲ್ಲಿ ಖಾಲಿ. ಕೊರತೆ ಬೇಗ ಕಾಣಬೇಕೆಂದರೆ ರಾಗಿ ಒಳ್ಳೆಯದು. ಜೋಳದ ಎಲೆ ಅಗಲವಾದ್ದರಿಂದ ಲಕ್ಷಣ ಚೆನ್ನಾಗಿ ಕಾಣುತ್ತದೆ. ಆದರೆ ಎಂಟು-ಹತ್ತು ದಿನವಾದ ಮೇಲೆ ಸಸಿಗೆ ಅಂಟಿಕೊಂಡಿರುವ ಕಾಳನ್ನು ಬ್ಲೇಡಿನಿಂದ ಹುಷಾರಾಗಿ ಕತ್ತರಿಸಿ ತೆಗೆಯಬೇಕು. ಇಲ್ಲದಿದ್ದರೆ ನಿಮ್ಮ ಸೆಮಿಸ್ಟರ್ ಮುಗಿದರೂ ಅದು ಹಸಿರಾಗೇ ನಿಂತಿರುತ್ತದೆ.

ಮರಳಿನ ಬದಲು ಕೊಕೊಪೀಟ್ ಸಾಕಲ್ವಾ ಅಂತ ಅನ್ನಿಸಬಹುದು. ಬೇಡ. ತೆಂಗಿನ ನಾರಿನ ಪುಡಿಯಲ್ಲೇ ಪೊಟ್ಯಾಸಿಯಂ ಇರುತ್ತದೆ.

ಮೊದಲ ತರಗತಿ: ಸೌದೆಯ ಲೆಕ್ಕ

ಸಸಿಗಳು ಬೆಳೆಯುತ್ತಿರುವಾಗ ಮೊದಲ ಪಾಠ ಮುಗಿಸಿ. ಒಂದು ಕೊರಡನ್ನು ಮೇಜಿನ ಮೇಲಿಟ್ಟು ಕೇಳಿ: 'ಇದರ ತೂಕ ಎಲ್ಲಿಂದ ಬಂತು?' ಎಲ್ಲರೂ ಚೀಟಿಯಲ್ಲಿ ಉತ್ತರ ಬರೆದು ಕೊಡಲಿ, ಹೆಸರು ಬೇಡ. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಹೈಸ್ಕೂಲಿನಿಂದ ಬಾಯಿಪಾಠ ಮಾಡಿದವರಲ್ಲೂ ಬಹಳ ಮಂದಿ 'ಮಣ್ಣಿನಿಂದ' ಅಂತಲೇ ಬರೆಯುತ್ತಾರೆ. ತಪ್ಪು ಅವರದ್ದಲ್ಲ. ನಮ್ಮ ಮಾತೇ ಹಾಗಿದೆ. 'ಗಿಡಕ್ಕೆ ಗೊಬ್ಬರವೇ ಊಟ' ಅನ್ನುತ್ತೇವೆ, 'ಮಣ್ಣಿನ ಸಾರ ಹೀರಿ ಬೆಳೆಯಿತು' ಅನ್ನುತ್ತೇವೆ.

ಈಗ ಒಲೆಗೆ ಬನ್ನಿ. ಸ್ನಾನದ ನೀರು ಕಾಯಿಸಲು ಒಂದು ಹೊರೆ ಸೌದೆ ಉರಿಸಿದರೆ ಉಳಿಯುವ ಬೂದಿ ಎಷ್ಟು? ಒಂದೆರಡು ಬೊಗಸೆ. ಮಿಕ್ಕದ್ದೆಲ್ಲ ಎಲ್ಲಿಗೆ ಹೋಯಿತು? ಗಾಳಿಗೆ. ಹಾಗಾದರೆ ಬಂದದ್ದು ಎಲ್ಲಿಂದ? ಇಷ್ಟು ಕೇಳಿ ಸುಮ್ನೆ ನಿಂತುಬಿಡಿ. ತರಗತಿಯಲ್ಲಿ ಒಂದು ಕ್ಷಣ ಮೌನ ಬೀಳುತ್ತದೆ. ಆ ಮೌನಕ್ಕೆ ಬೆಲೆ ಜಾಸ್ತಿ.

ಇದನ್ನು ಅಳೆದೂ ನೋಡಬಹುದು. ಒಂದೊಂದು ತಂಡ ಒಂದೊಂದು ಬಗೆಯ ಒಣ ಎಲೆ, ಹುಲ್ಲು ತರಲಿ. ಹತ್ತು ಗ್ರಾಂ ತೂಗಿ ಕ್ರೂಸಿಬಲ್‌ನಲ್ಲಿ ಬೂದುಬಿಳಿ ಬಣ್ಣ ಬರುವ ತನಕ ಸುಡಲಿ. ಉಳಿದದ್ದನ್ನು ಮತ್ತೆ ತೂಗಲಿ. ಭತ್ತದ ಹುಲ್ಲು ತಂದ ತಂಡಕ್ಕೆ ಬೂದಿ ಜಾಸ್ತಿ ಸಿಗುತ್ತದೆ. ಅದು ಸಿಲಿಕಾನ್ ಮಹಿಮೆ. ಆ ಸುದ್ದಿ ಆಮೇಲೆ ಬೇಕಾಗುತ್ತದೆ, ಬರೆದಿಟ್ಟುಕೊಳ್ಳಿ. ಗಿಡದ ಒಣ ತೂಕದಲ್ಲಿ ಶೇ. 96ರಷ್ಟು ಇಂಗಾಲ, ಆಮ್ಲಜನಕ ಮತ್ತು ಜಲಜನಕ ಎಂಬ ಅಂಕಿಯನ್ನು ಈಗ ಹೇಳಿ. ಅವರೇ ತೂಗಿ ನೋಡಿರುವುದರಿಂದ ಅದು ತಲೆಯಲ್ಲಿ ನಿಲ್ಲುತ್ತದೆ. ಒಂದು ಎಚ್ಚರಿಕೆಯನ್ನೂ ಸೇರಿಸಿ: ಮಣ್ಣಿನಿಂದ ಬಂದದ್ದೆಲ್ಲ ಬೂದಿಯಲ್ಲಿ ಉಳಿಯುವುದಿಲ್ಲ. ನೈಟ್ರೋಜನ್ ಹೊಗೆಯ ಜೊತೆ ಹೋಗಿಬಿಡುತ್ತದೆ. ಅಜ್ಜಿ ತೆಂಗಿನ ಬುಡಕ್ಕೆ ಸುರಿಯುತ್ತಿದ್ದ ಒಲೆ ಬೂದಿಯಲ್ಲಿ ಪೊಟ್ಯಾಸಿಯಂ ಇತ್ತು, ನೈಟ್ರೋಜನ್ ಇರಲಿಲ್ಲ.

ಇದಾದ ಮೇಲೆ ಇತಿಹಾಸ ಹೇಳಿದರೆ ಕಿವಿಗೊಡುತ್ತಾರೆ. ಬೆಲ್ಜಿಯಂ ಕಡೆಯ ವಾನ್ ಹೆಲ್ಮಾಂಟ್ 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡಿನ ವಿಲೋ ಸಸಿ ನೆಟ್ಟು ಐದು ವರ್ಷ ಬರೀ ನೀರು ಹಾಕಿದ. ಮರ ಸುಮಾರು 169 ಪೌಂಡಾಯಿತು. ಮಣ್ಣು ಕಡಿಮೆಯಾದದ್ದು ಎರಡು ಔನ್ಸ್ ಮಾತ್ರ. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ 1648ರಲ್ಲಿ ಇದು ಅಚ್ಚಾಯಿತು. 1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನ ಜಾತಿಯ ಗಿಡವನ್ನು ಮಳೆನೀರು, ಥೇಮ್ಸ್ ನದಿಯ ನೀರು, ಮಣ್ಣು ಕದಡಿದ ನೀರು ಹೀಗೆ ಬೇರೆ ಬೇರೆ ನೀರಿನಲ್ಲಿ ಬೆಳೆಸಿದ. ಕೊಳಕು ನೀರಿನ ಗಿಡವೇ ದಷ್ಟಪುಷ್ಟವಾಯಿತು. ಇಬ್ಬರ ಫಲಿತಾಂಶವನ್ನೂ ಮಕ್ಕಳ ಮುಂದಿಟ್ಟು 'ಇವರಲ್ಲಿ ಯಾರದ್ದು ಸರಿ? ಯಾರು ಏನನ್ನು ನೋಡದೆ ಬಿಟ್ಟರು?' ಎಂದು ಜಗಳ ಹಚ್ಚಿ. ಆ ಎರಡು ಔನ್ಸಿನ ಮೇಲೆಯೇ ಮುಂದಿನ ಪಾಠವೆಲ್ಲ ನಿಂತಿದೆ ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ದ್ರಾವಣದ ಲೆಕ್ಕ ಅವರೇ ಮಾಡಲಿ

ಮರಳಿನ ಸಸಿಗಳನ್ನು ಇನ್ನು ಮುಂದೆ ಬೆಳೆಸುವುದು ಲವಣ ಕರಗಿಸಿದ ನೀರಿನಲ್ಲಿ. ಅದಕ್ಕೆ ಬೇಕಾದ ಹೋಗ್ಲಂಡ್ ದ್ರಾವಣ ಎಲ್ಲ ಪ್ರಯೋಗ ಪುಸ್ತಕದಲ್ಲೂ ಇದೆ. ನಾಲ್ಕು ಮುಖ್ಯ ಲವಣಗಳ 1 ಮೋಲಾರ್ ಸ್ಟಾಕ್ (ಆಮೇಲೆ ನೀರು ಬೆರೆಸಿ ಬಳಸುವ ಗಟ್ಟಿ ದ್ರಾವಣ) ಮಾಡಿಡಿ. ಲೀಟರಿಗೆ ಪೊಟ್ಯಾಸಿಯಂ ನೈಟ್ರೇಟ್ 101 ಗ್ರಾಂ, ನಾಲ್ಕು ನೀರಿನ ಅಣುಗಳಿರುವ ಕ್ಯಾಲ್ಸಿಯಂ ನೈಟ್ರೇಟ್ 236 ಗ್ರಾಂ, ಏಳು ನೀರಿನ ಅಣುಗಳಿರುವ ಮೆಗ್ನೀಸಿಯಂ ಸಲ್ಫೇಟ್ 246 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 136 ಗ್ರಾಂ. ಒಂದು ಲೀಟರ್ ಪೂರ್ಣ ದ್ರಾವಣಕ್ಕೆ ಇವು ಇದೇ ಕ್ರಮದಲ್ಲಿ 5, 5, 2 ಮತ್ತು 1 ಮಿ.ಲೀ. ಸೂಕ್ಷ್ಮ ಪೋಷಕಾಂಶಗಳ ಸ್ಟಾಕ್ ಬೇರೆ. ಅದರ ಒಂದು ಲೀಟರಿನಲ್ಲಿ ಬೋರಿಕ್ ಆಮ್ಲ 2.86 ಗ್ರಾಂ, ಮ್ಯಾಂಗನೀಸ್ ಕ್ಲೋರೈಡ್ 1.81, ಸತುವಿನ ಸಲ್ಫೇಟ್ 0.22, ತಾಮ್ರದ ಸಲ್ಫೇಟ್ 0.08, ಮಾಲಿಬ್ಡಿಕ್ ಆಮ್ಲ 0.02. ಇದರಿಂದ ಲೀಟರಿಗೆ 1 ಮಿ.ಲೀ. ಸಾಕು. ಕಬ್ಬಿಣವನ್ನು ಇಡಿಟಿಎ (ಲೋಹವನ್ನು ಹಿಡಿದು ನೀರಿನಲ್ಲಿ ಕರಗಿಯೇ ಇರುವಂತೆ ಮಾಡುವ ರಾಸಾಯನಿಕ) ಜೊತೆ ಸೇರಿದ ರೂಪದಲ್ಲಿ, ಲೀಟರಿಗೆ 5 ಮಿಲಿಗ್ರಾಂ ಕಬ್ಬಿಣ ಸಿಗುವಷ್ಟು ಹಾಕಿ. ಎಳೆ ಸಸಿಗೆ ಇದೆಲ್ಲದರ ಅರ್ಧ ಸಾಂದ್ರತೆಯೇ ಒಳ್ಳೆಯದು. ಪಿಎಚ್ 5.5ರಿಂದ 6.5ರ ಒಳಗಿರಲಿ.

ಸ್ಟಾಕ್‌ಗಳನ್ನು ನೇರವಾಗಿ ಒಂದಕ್ಕೊಂದು ಬೆರೆಸಬೇಡಿ. ಕ್ಯಾಲ್ಸಿಯಂ ನೈಟ್ರೇಟಿಗೆ ಸಲ್ಫೇಟೋ ಫಾಸ್ಫೇಟೋ ಗಟ್ಟಿಯಾಗಿ ತಗುಲಿದರೆ ಮೊಸರಿನಂತೆ ಒಡೆದು ತಳ ಹಿಡಿಯುತ್ತದೆ. ಮೊದಲು ಪಾತ್ರೆಯಲ್ಲಿ ಮುಕ್ಕಾಲು ನೀರು ತುಂಬಿ, ಆಮೇಲೆ ಒಂದೊಂದಾಗಿ ಹಾಕಿ. ಬೇಕೆಂದೇ ಒಂದು ಪುಟ್ಟ ಬೀಕರಿನಲ್ಲಿ ತಪ್ಪು ಮಾಡಿ ತೋರಿಸುವುದೂ ಒಳ್ಳೆಯ ಪಾಠವೇ.

ಇನ್ನು ಕೊರತೆ ದ್ರಾವಣ. ಪುಸ್ತಕದ ಕೋಷ್ಟಕವನ್ನು ಕೊಡಬೇಡಿ. ಪ್ರಶ್ನೆ ಕೊಡಿ: 'ನೈಟ್ರೋಜನ್ ಪೂರ್ತಿ ಹೋಗಬೇಕು, ಆದರೆ ಪೊಟ್ಯಾಸಿಯಂ ಮತ್ತು ಕ್ಯಾಲ್ಸಿಯಂ ಕಡಿಮೆಯಾಗಬಾರದು. ಏನು ಮಾಡುತ್ತೀರಿ?' ಅರ್ಧ ಗಂಟೆ ತಲೆ ಕೆರೆದುಕೊಳ್ಳುತ್ತಾರೆ. ಆಮೇಲೆ ಎರಡೂ ನೈಟ್ರೇಟುಗಳ ಜಾಗಕ್ಕೆ ಅಷ್ಟೇ ಕ್ಲೋರೈಡ್ ಹಾಕುವ ಉಪಾಯ ಯಾರಿಗೋ ಹೊಳೆಯುತ್ತದೆ. ರಂಜಕ (ಫಾಸ್ಫರಸ್) ಬೇಡವಾದರೆ ಫಾಸ್ಫೇಟಿನ ಬದಲು 1 ಮಿ.ಲೀ. ಪೊಟ್ಯಾಸಿಯಂ ಕ್ಲೋರೈಡ್. ಪೊಟ್ಯಾಸಿಯಂ ಬೇಡವಾದರೆ ಅದರ ಎರಡು ಲವಣಗಳ ಜಾಗದಲ್ಲಿ ಸೋಡಿಯಂ ಲವಣಗಳು. ಮೆಗ್ನೀಸಿಯಂ ಬೇಡವಾದರೆ ಸೋಡಿಯಂ ಸಲ್ಫೇಟ್ 2 ಮಿ.ಲೀ. ಕ್ಯಾಲ್ಸಿಯಂ ತೆಗೆಯುವಾಗ ಸೋಡಿಯಂ ನೈಟ್ರೇಟ್ 5 ಸಾಲದು, 10 ಮಿ.ಲೀ. ಬೇಕು. ಯಾಕೆಂದು ಅವರೇ ಹೇಳಲಿ. ಎರಡು ನೈಟ್ರೇಟ್ ಅಂಟಿಕೊಂಡ ಲವಣ ಅದು, ಅಲ್ವಾ? 'ಒಂದನ್ನು ಮಾತ್ರ ಬದಲಿಸು, ಉಳಿದದ್ದನ್ನು ಹಾಗೇ ಇಡು' ಎಂಬ ಪ್ರಯೋಗದ ನಿಯಮ ಇಲ್ಲಿ ಕೈಯಿಂದಲೇ ಕಲಿತಂತಾಗುತ್ತದೆ. ಇಡೀ ಆರು ವಾರದಲ್ಲಿ ಒಂದೇ ಚಟುವಟಿಕೆ ಮಾಡಲು ಸಾಧ್ಯ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ನೀರಿನ ವಿಷಯದಲ್ಲಿ ನಾನು ಒಮ್ಮೆ ಮುಗ್ಗರಿಸಿದ್ದೇನೆ. ಡಿಸ್ಟಿಲ್ಡ್ ವಾಟರ್ ಸಾಲದೆ ಕಾಲೇಜಿನ ಬೋರ್‌ವೆಲ್ ನೀರು ಹಾಕಿಸಿಬಿಟ್ಟೆ. 'ಕ್ಯಾಲ್ಸಿಯಂ ಇಲ್ಲ', 'ಮೆಗ್ನೀಸಿಯಂ ಇಲ್ಲ' ಎಂಬ ಚೀಟಿ ಅಂಟಿಸಿದ ಬಾಟಲಿಗಳ ಗಿಡಗಳೇ ಎಲ್ಲಕ್ಕಿಂತ ನಳನಳಿಸಿದವು. ನಮ್ಮ ಕಡೆಯ ಬೋರ್ ನೀರಿನ ಗಡಸುತನ ಅಂದರೆ ಅದೇ ಎರಡು ಧಾತು. ಮಕ್ಕಳು ನಕ್ಕರು. ನಾನೂ ನಕ್ಕು, ಯಾಕೆ ಹೀಗಾಯಿತು ಎಂಬುದನ್ನೇ ಅವತ್ತಿನ ಪ್ರಯೋಗ ಮಾಡಿಕೊಂಡೆ.

ಬಾಟಲಿ, ಗಾಳಿ ಮತ್ತು ಊಹೆಯ ಹಾಳೆ

ಎರಡು ಲೀಟರಿನ ತಂಪು ಪಾನೀಯದ ಬಾಟಲಿ ಸಾಕು. ಹೊರಗೆ ಕಪ್ಪು ಕಾಗದ ಸುತ್ತಿ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ. ಬಾಯಿಗೆ ತೂತು ಮಾಡಿದ ಥರ್ಮಾಕೋಲ್, ಕಾಂಡದ ಸುತ್ತ ಹತ್ತಿ. ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪಿನಿಂದ ಸಣ್ಣ ಕೊಳವೆಗಳನ್ನು ಎಲ್ಲ ಬಾಟಲಿಗೂ ಎಳೆಯಿರಿ. ಒಂದು ಪೂರ್ಣ ದ್ರಾವಣದ ಜೋಳದ ಬಾಟಲಿಗೆ ಮಾತ್ರ ಗಾಳಿ ಕೊಡಬೇಡಿ. ಕೆಲವು ದಿನಗಳಲ್ಲಿ ಆ ಗಿಡ ಹಿಂದೆ ಬೀಳುತ್ತದೆ. ಊಟವೆಲ್ಲ ಮುಂದಿದ್ದರೂ ಬೇರು ಉಸಿರಾಡದೆ ಅಯಾನುಗಳನ್ನು ಒಳಗೆ ಎಳೆಯಲಾರದು. ಶಕ್ತಿ ಖರ್ಚು ಮಾಡಿ ಎಳೆದುಕೊಳ್ಳುವ ಸಕ್ರಿಯ ಹೀರುವಿಕೆ, ಅದನ್ನು ನಡೆಸುವ ಪ್ರೋಟಾನ್ ಪಂಪ್, ಪಂಪಿಗೆ ಶಕ್ತಿ ಕೊಡುವ ಎಟಿಪಿ ಎಲ್ಲವನ್ನೂ ಈ ಬಾಟಲಿ ಪಕ್ಕದಲ್ಲಿಟ್ಟುಕೊಂಡೇ ಪಾಠ ಮಾಡಿ. 'ಹಾಗಾದರೆ ಭತ್ತ ಕೆಸರಲ್ಲೇ ನಿಲ್ಲುತ್ತಲ್ಲ ಸರ್?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಭತ್ತದ ಬೇರನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಅದರ ಗಾಳಿಯ ಕೋಣೆಗಳನ್ನು ತೋರಿಸಿ.

ದ್ರಾವಣವನ್ನು ವಾರಕ್ಕೊಮ್ಮೆ ಬದಲಿಸಿ. ಹಳೆಯದನ್ನು ಚೆಲ್ಲುವ ಮೊದಲು ಪಿಎಚ್ ನೋಡಿಸಿ. ನೈಟ್ರೇಟ್ ಹೀರಿದ ಗಿಡದ ದ್ರಾವಣದಲ್ಲಿ ಅದು ಮೇಲೇರಿರುತ್ತದೆ.

ಸಸಿಗಳನ್ನು ಬಾಟಲಿಗೆ ಹಾಕಿದ ದಿನವೇ ಪ್ರತಿಯೊಬ್ಬರೂ ಊಹೆಯ ಹಾಳೆ ತುಂಬಲಿ. ಯಾವ ಬಾಟಲಿಯ ಗಿಡ ಮೊದಲು ಬಾಡುತ್ತದೆ? ಯಾವ ಎಲೆಯಲ್ಲಿ ಮೊದಲು ಕಾಣುತ್ತದೆ, ಕೆಳಗಿನದೋ ಮೇಲಿನದೋ? ಯಾಕೆ? ಹಾಳೆಯನ್ನು ನಿಮ್ಮ ಬೀರುವಿನಲ್ಲಿ ಬೀಗ ಹಾಕಿಡಿ. ತಿದ್ದಲು ಬಿಡಬೇಡಿ.

ಎಲೆ ಓದುವುದು

ಎರಡನೇ ವಾರದ ಹೊತ್ತಿಗೆ ನೈಟ್ರೋಜನ್ ಇಲ್ಲದ ರಾಗಿಯ ಕೆಳಗಿನ ಎಲೆಗಳು ತುದಿಯಿಂದ ಹಳದಿಯಾಗಲು ಶುರು. ಆಮೇಲೆ ಒಂದೊಂದೇ ಬರುತ್ತವೆ. ರಂಜಕವಿಲ್ಲದ ಜೋಳ ಕುಳ್ಳಗೆ, ಕಡು ಹಸಿರಿಗೆ ನೇರಳೆ ಬೆರೆತಂತೆ. ಪೊಟ್ಯಾಸಿಯಂ ಇಲ್ಲದ್ದಕ್ಕೆ ಹಳೆಯ ಎಲೆಯ ಅಂಚು ಸುಟ್ಟಂತೆ. ಮೆಗ್ನೀಸಿಯಂ ಇಲ್ಲದ್ದಕ್ಕೆ ಹಳೆಯ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಪಟ್ಟಿ. ಕಬ್ಬಿಣ ಇಲ್ಲದ್ದಕ್ಕೂ ಇದೇ ಪಟ್ಟಿ, ಆದರೆ ಹೊಸ ಎಲೆಯಲ್ಲಿ. ಕ್ಯಾಲ್ಸಿಯಂ ಇಲ್ಲದ ಜೋಳದ ಹೊಸ ಎಲೆಗಳು ಬಿಚ್ಚಿಕೊಳ್ಳದೆ ತುದಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇಲ್ಲಿ ಅವಸರ ಬೇಡ. ಮಕ್ಕಳು ದಿನಾ ಬಂದು ನೋಡಿ ಬರೆಯಲಿ. 'ಹಳದಿ' ಎಂಬ ಒಂದೇ ಪದ ಬರೆದರೆ ವಾಪಸ್ ಕಳಿಸಿ. ಎಷ್ಟನೇ ಎಲೆ, ತುದಿಯೋ ಅಂಚೋ ನಡುವೋ, ನರ ಯಾವ ಬಣ್ಣ? ಇದಿಷ್ಟೂ ಇರಬೇಕು. ಮೂರನೇ ವಾರ ಊಹೆಯ ಹಾಳೆ ಹೊರತೆಗೆದು ಎದುರು ಬದುರು ಇಡಿ.

ಆಗ ಬರುವ ಪ್ರಶ್ನೆಯೇ ಈ ಪಾಠದ ಹೃದಯ. ಕೆಲವಕ್ಕೆ ಹಳೆಯ ಎಲೆ ಮೊದಲು, ಕೆಲವಕ್ಕೆ ಹೊಸ ಎಲೆ. ಯಾಕೆ? ನೈಟ್ರೋಜನ್, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಗಿಡದೊಳಗೆ ಮತ್ತೆ ಓಡಾಡಬಲ್ಲವು. ಕೊರತೆಯಾದರೆ ಹಳೆಯ ಎಲೆಯಿಂದ ಬಿಚ್ಚಿಕೊಂಡು ಚಿಗುರಿಗೆ ಹೋಗುತ್ತವೆ. ಅಡುಗೆ ಕಡಿಮೆ ಬಿದ್ದ ದಿನ ಅಮ್ಮ ತನ್ನ ತಟ್ಟೆಯದನ್ನು ಮಗುವಿನ ತಟ್ಟೆಗೆ ಹಾಕುವಂತೆ. ಕ್ಯಾಲ್ಸಿಯಂ ಹಾಗಲ್ಲ. ನೀರಿನ ಜೊತೆ ಕ್ಸೈಲಂ ಎಂಬ ನೀರು ಸಾಗಿಸುವ ಕೊಳವೆಗಳಲ್ಲಿ ಏರಿ ಕೋಶಭಿತ್ತಿಯಲ್ಲಿ ಕೂತರೆ ಮುಗಿಯಿತು, ಮತ್ತೆ ಏಳುವುದಿಲ್ಲ. ಕಬ್ಬಿಣವೂ ಹೆಚ್ಚುಕಡಿಮೆ ಅದೇ ಜಾತಿ. ಈ ಒಂದು ತತ್ವ ಗೊತ್ತಾದರೆ ಪಟ್ಟಿಯ ಅರ್ಧ ತಾನಾಗೇ ಬರುತ್ತದೆ.

ಇದಕ್ಕೆ ಮಾರುಕಟ್ಟೆಯಿಂದ ಒಂದು ಸಾಕ್ಷಿ ತರಬಹುದು: ತಳ ಕಪ್ಪಾಗಿ ಒಣಗಿದ ಟೊಮೆಟೊ. ಹೊಲದ ಮಣ್ಣಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೂ ಇದು ಬರುತ್ತದೆ. ಎಲೆಯಷ್ಟು ನೀರನ್ನು ಹಣ್ಣು ಆವಿ ಮಾಡುವುದಿಲ್ಲ. ನೀರಿನ ಜೊತೆಗೇ ಬರಬೇಕಾದ ಕ್ಯಾಲ್ಸಿಯಂ ಎಲೆಗೆ ಹೋಗುತ್ತದೆ, ಹಣ್ಣಿನ ತಳಕ್ಕೆ ಮುಟ್ಟುವುದಿಲ್ಲ. ಒಂದು ದಿನ ಜಾಸ್ತಿ, ಒಂದು ವಾರ ಇಲ್ಲ ಎನ್ನುವಂತೆ ನೀರು ಕೊಟ್ಟರೆ ಇನ್ನೂ ಕಷ್ಟ.

ತಾಮ್ರ, ಮಾಲಿಬ್ಡಿನಂ, ನಿಕ್ಕಲ್ ಕೊರತೆಯನ್ನು ತರಗತಿಯಲ್ಲಿ ತೋರಿಸಲು ಹೋಗಬೇಡಿ. ಗಾಜು, ರಾಸಾಯನಿಕ, ಬೀಜ ಎಲ್ಲದರಲ್ಲೂ ಗಿಡಕ್ಕೆ ಸಾಕಾಗುವಷ್ಟು ಕಲಬೆರಕೆ ಇರುತ್ತದೆ. ನಿಕ್ಕಲ್ ಅವಶ್ಯಕ ಎಂದು ಬಾರ್ಲಿಯಲ್ಲಿ ತೋರಿಸಿದ್ದು 1987ರಲ್ಲಿ. ಬೀಜದಲ್ಲಿದ್ದ ನಿಕ್ಕಲ್ ಮುಗಿಸಲು ಮೂರು ಪೀಳಿಗೆ ಬೆಳೆಸಬೇಕಾಯಿತು.

ಹದಿನೇಳು ಯಾಕೆ, ಹದಿನೆಂಟು ಯಾಕಲ್ಲ?

ಗಿಡಕ್ಕೆ ಅವಶ್ಯಕ ಧಾತುಗಳು ಹದಿನೇಳು ಎಂದು ಪುಸ್ತಕಗಳು ಹೇಳುತ್ತವೆ. ಯಾವುದು ಅವಶ್ಯಕ ಎಂದು ನಿರ್ಧರಿಸಲು ಸಸ್ಯವಿಜ್ಞಾನಿಗಳಾದ ಆರ್ನನ್ ಮತ್ತು ಸ್ಟೌಟ್ 1939ರಲ್ಲಿ ಕೊಟ್ಟ ಮೂರು ಅಳತೆಗೋಲನ್ನು ಈಗ ಕೊಡಿ. ಅದಿಲ್ಲದೆ ಗಿಡದ ಜೀವನಚಕ್ರ ಮುಗಿಯಬಾರದು, ಅದರ ಕೆಲಸವನ್ನು ಬೇರೊಂದು ಮಾಡಬಾರದು, ಗಿಡದ ಚಯಾಪಚಯದಲ್ಲಿ ಅದಕ್ಕೆ ನೇರ ಪಾತ್ರ ಇರಬೇಕು. ಆಮೇಲೆ ತರಗತಿಯನ್ನು ಎರಡು ಪಾಲು ಮಾಡಿ. ಒಂದು ಪಾಲು ಸಿಲಿಕಾನ್ ಪರ ವಾದಿಸಲಿ. ಭತ್ತದ ಹುಲ್ಲಿನ ಆ ಬೂದಿ ನೆನಪಿದೆಯಲ್ಲ? ಇನ್ನೊಂದು ಪಾಲು ಕೋಬಾಲ್ಟ್ ಪರ. ಬೇರುಗಂಟಿನ ಬ್ಯಾಕ್ಟೀರಿಯಾಕ್ಕೆ ಅದು ಬೇಕು. ಆದರೆ ಅದು ಗಿಡಕ್ಕೆ ಬೇಕಾದಂತೆಯೇ? ನೀವು ತೀರ್ಪು ಕೊಡಲು ಹೋಗಬೇಡಿ.

ಕೆಂಪು ಮಣ್ಣಿನಲ್ಲಿ ಕಬ್ಬಿಣದ ಹಸಿವು

ಎರಡು ಪ್ರನಾಳ ತೆಗೆದುಕೊಳ್ಳಿ. ಎರಡರಲ್ಲೂ ಸ್ವಲ್ಪ ಫೆರಿಕ್ ಕ್ಲೋರೈಡ್ ದ್ರಾವಣ. ಒಂದಕ್ಕೆ ಮಾತ್ರ ಮೊದಲೇ ಇಡಿಟಿಎ ಬೆರೆಸಿ. ಈಗ ಎರಡಕ್ಕೂ ಸುಣ್ಣದ ಮಣ್ಣಿನಂತೆಯೇ ಕ್ಷಾರವಾದ ಅಡುಗೆ ಸೋಡಾದ ನೀರು ಹಾಕಿ. ಒಂದರಲ್ಲಿ ತುಕ್ಕಿನ ಬಣ್ಣದ ಗಸಿ, ಇನ್ನೊಂದು ತಿಳಿಯಾಗೇ ಉಳಿಯುತ್ತದೆ. ಐದು ನಿಮಿಷದ ಕೆಲಸ, ಆದರೆ ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಶೇಂಗಾ ಯಾಕೆ ಹಳದಿಯಾಗುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಮಣ್ಣಿನಲ್ಲಿ ಇರುವುದು ಬೇರೆ, ಬೇರಿಗೆ ಸಿಗುವುದು ಬೇರೆ. ಶೇಂಗಾದಂಥ ಗಿಡಗಳು ಬೇರಿನ ಮೇಲ್ಮೈಯಲ್ಲಿ ಕಬ್ಬಿಣವನ್ನು ಫೆರಸ್ ರೂಪಕ್ಕೆ ಇಳಿಸಿ ಹೀರುತ್ತವೆ. ಜೋಳ, ರಾಗಿಯಂಥ ಹುಲ್ಲಿನ ಜಾತಿಯವು ಕಬ್ಬಿಣವನ್ನು ಹಿಡಿದು ತರುವ ಸೈಡರೋಫೋರ್‌ಗಳನ್ನು ಮಣ್ಣಿಗೆ ಬಿಡುತ್ತವೆ. ನಿಮ್ಮ ಇಡಿಟಿಎ ಪ್ರನಾಳ ಈ ಎರಡನೇ ದಾರಿಯ ಒರಟು ನಕಲು.

ಹೊರಗೆ ಕರೆದುಕೊಂಡು ಹೋಗಿ

ಒಂದು ಬೆಳಗ್ಗೆ ಸಾಕು. ಬಿತ್ತಿ ಮೂವತ್ತು-ನಲವತ್ತು ದಿನವಾದ ಅಲಸಂದೆಯನ್ನೋ ಹುರುಳಿಯನ್ನೋ ಮಣ್ಣು ಸಮೇತ ಅಗೆದು ತೊಳೆದು, ಬೇರುಗಂಟನ್ನು ಬ್ಲೇಡಿನಿಂದ ಸೀಳಿಸಿ. ಒಳಗೆ ಗುಲಾಬಿ ಇದ್ದರೆ ಆ ಬಣ್ಣದ ಪ್ರೋಟೀನ್ ಲೆಗ್‌ಹೀಮೋಗ್ಲೋಬಿನ್ ಇದೆ, ಗಂಟಿನ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ ಹಿಡಿದು ಗಿಡಕ್ಕೆ ಕೊಡುತ್ತಿದೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಯಾಕೆ ಇರುತ್ತಿದ್ದವು ಎಂಬ ಮಾತು ಅಲ್ಲೇ ಬರಲಿ. ಮಾವಿನ ಮರದ ಬಂದಳಿಕೆ ಕಂಡರೆ ನಿಲ್ಲಿ. ಹತ್ತಿರದಲ್ಲಿ ಶ್ರೀಗಂಧ ಇದ್ದರೆ ಇನ್ನೂ ಒಳ್ಳೆಯದು. ಎಲೆ ಹಸಿರಾಗಿದ್ದೂ ಪಕ್ಕದ ಗಿಡದ ಬೇರಿಗೆ ಕೈ ಹಾಕುವ ಮರ ಅದು. ಕರಾವಳಿಯವರಾದರೆ ಮಳೆಗಾಲದಲ್ಲಿ ಮುರಕಲ್ಲಿನ ಪಾರೆಗಳ ಮೇಲೆ ಕೀಟ ಹಿಡಿಯುವ ಡ್ರೋಸೆರಾ ಹುಡುಕಬಹುದು.

ಹೊಲದಲ್ಲಿ ಕಂಡ ಹಳದಿಯೆಲ್ಲ ಕೊರತೆಯಲ್ಲ ಎಂಬುದಕ್ಕೆ ನಾನು ಯಾವಾಗಲೂ ಎರಡು ಕಥೆ ಜೋಡಿಸಿ ಹೇಳುತ್ತೇನೆ. ಉತ್ತರ ಭಾರತದಲ್ಲಿ ಹಿಮಾಲಯದ ಬುಡದ ತರಾಯಿ ಗದ್ದೆಗಳಲ್ಲಿ ಭತ್ತದ ಎಲೆಗೆ ತುಕ್ಕಿನ ಬಣ್ಣ ಬರುವ 'ಖೈರಾ'ವನ್ನು ರೋಗವೆಂದೇ ತಿಳಿದಿದ್ದರು. ಅದು ಸತುವಿನ ಕೊರತೆ ಎಂದು ಪಂತ್‌ನಗರದಲ್ಲಿ ಸಸ್ಯರೋಗ ವಿಜ್ಞಾನಿ ವೈ.ಎಲ್. ನೆನೆ 1966ರಲ್ಲಿ ತೋರಿಸಿದರು. ನಮ್ಮ ಸುಳ್ಯ, ಶೃಂಗೇರಿ ಕಡೆಯ ಅಡಿಕೆ ಹಳದಿ ಎಲೆ ರೋಗ ಇದರ ತಿರುಗುಮುರುಗು. ನೋಡಲು ಕೊರತೆಯಂತೆ, ಆದರೆ ನಂಟು ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನ ಜೊತೆ.

ಗೊಬ್ಬರದ ಚೀಲ, ಮಣ್ಣಿನ ಚೀಟಿ

ಖಾಲಿ ಗೊಬ್ಬರದ ಚೀಲಗಳನ್ನು ತರಿಸಿ ಲೆಕ್ಕ ಮಾಡಿಸಿ. 45 ಕೇಜಿಯ ಯೂರಿಯಾ ಚೀಲದಲ್ಲಿ ಶೇ. 46ರಂತೆ ನೈಟ್ರೋಜನ್ 20.7 ಕೇಜಿ. 50 ಕೇಜಿಯ ಡಿಎಪಿ (ಡೈ-ಅಮೋನಿಯಂ ಫಾಸ್ಫೇಟ್) ಚೀಲದ ಮೇಲೆ 18-46 ಎಂದಿರುತ್ತದೆ. ಅದರಲ್ಲಿ ನೈಟ್ರೋಜನ್ 9 ಕೇಜಿ ಸರಿ. ಆದರೆ ರಂಜಕ 23 ಕೇಜಿ ಅಲ್ಲ, ಸುಮಾರು 10 ಕೇಜಿ. ಚೀಲದ ಮೇಲಿನ ಸಂಖ್ಯೆ ರಂಜಕದ ಆಕ್ಸೈಡ್ ಲೆಕ್ಕ, ಹಳೆಯ ಪದ್ಧತಿ. ಯಾವ ಬೇರೂ ಆ ಆಕ್ಸೈಡನ್ನು ಹೀರುವುದಿಲ್ಲ. ರೈತರ ಮನೆಯ ಮಕ್ಕಳಿದ್ದರೆ ಮಣ್ಣು ಆರೋಗ್ಯ ಚೀಟಿ ತರಲಿ. 2015ರಲ್ಲಿ ಶುರುವಾದ ಈ ಯೋಜನೆಯ ಚೀಟಿಯಲ್ಲಿ ಹನ್ನೆರಡು ಅಂಶ ಇರುತ್ತವೆ. ಅದರಲ್ಲಿ ಕ್ಯಾಲ್ಸಿಯಂ ಯಾಕಿಲ್ಲ, ಪಿಎಚ್ ಯಾಕಿದೆ ಎಂದು ಕೇಳಿ ನೋಡಿ. ಒಂದು ತರಗತಿ ಪೂರ್ತಿ ಅದರಲ್ಲೇ ಕಳೆಯುತ್ತದೆ.

ಪರೀಕ್ಷೆ

'ಮೆಗ್ನೀಸಿಯಂ ಕೊರತೆಯ ಲಕ್ಷಣ ಬರೆಯಿರಿ' ಎಂದು ಕೇಳಿದರೆ ಮತ್ತೆ ಪಟ್ಟಿಯೇ ವಾಪಸ್ ಬರುತ್ತದೆ. ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲಿಲ್ಲ, ಆದರೆ ಇಂಟರ್ನಲ್ಸ್ ನಮ್ಮದೇ. ನಾನು ಹೀಗೆ ಕೇಳುತ್ತೇನೆ: 'ಮಣ್ಣಿನ ಪಿಎಚ್ 5. ರೈತ ಎರಡು ವರ್ಷದಿಂದ ಪೊಟ್ಯಾಷ್ ಜಾಸ್ತಿ ಹಾಕಿದ್ದಾನೆ. ಕೆಳಗಿನ ಎಲೆಗಳಲ್ಲಿ ನರ ಹಸಿರು, ನಡುವೆ ಹಳದಿ. ಏನಿರಬಹುದು? ಖಚಿತ ಮಾಡಿಕೊಳ್ಳಲು ಇನ್ನೇನು ಕೇಳುತ್ತೀರಿ?' ಪೊಟ್ಯಾಸಿಯಂ ಜಾಸ್ತಿಯಾಗಿ ಮೆಗ್ನೀಸಿಯಂ ಒಳಗೆ ಬರಲು ಬಿಡುತ್ತಿಲ್ಲ ಎಂದು ಬರೆದವರಿಗೆ ಅಂಕ. ಎರಡನೇ ಪ್ರಶ್ನೆಗೆ ಒಳ್ಳೆಯ ಉತ್ತರ ಬರೆದವರಿಗೆ ಅದಕ್ಕಿಂತ ಜಾಸ್ತಿ ಅಂಕ.

ಕೊನೆಯ ದಿನ ಗಿಡಗಳನ್ನು ಬಿಸಾಡುವ ಮೊದಲು ಎಲೆಗಳ ಫೋಟೋ ತೆಗೆಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಒತ್ತಿ ಒಣಗಿಸಿದ ಎಲೆಯ ಬಣ್ಣ ಕೆಲವೇ ತಿಂಗಳಲ್ಲಿ ಹಾರಿಹೋಗುತ್ತದೆ. ಬೇರು ಮತ್ತು ಕಾಂಡವನ್ನು ಬೇರೆ ಬೇರೆ ಒಣಗಿಸಿ ತೂಗಿಸಿ. ನೈಟ್ರೋಜನ್ ಇಲ್ಲದ ಗಿಡದಲ್ಲಿ ಕಾಂಡಕ್ಕೆ ಹೋಲಿಸಿದರೆ ಬೇರಿನ ಪಾಲು ಜಾಸ್ತಿ ಇರುತ್ತದೆ. ಹಾಳೆಗಳನ್ನು ಮುಂದಿನ ಬ್ಯಾಚಿಗೆ ಎತ್ತಿಡಿ. ಮಿಕ್ಕ ಪೂರ್ಣ ದ್ರಾವಣ ವರಾಂಡದ ಕ್ರೋಟನ್ ಕುಂಡಗಳಿಗೆ ಹೋಗಲಿ.